ಹಗುರ ಲಿನಕ್ಸಿನಲ್ಲಿ ವೈಫೈ ಕಾರ್ಡು ಎಬ್ಬಿಸುವ ಕ್ರಮ

ವೈಫೈ ಪಟ್ಟಿ ಖಾಲಿ ಕಂಡ ಕೂಡಲೇ ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಹುಡುಕಲು ಹೊರಡಬೇಡಿ. ಹತ್ತು ಹದಿನೈದು ವರ್ಷ ಹಳೆಯ ಲ್ಯಾಪ್‌ಟಾಪಿಗೆ ಆಂಟಿಎಕ್ಸ್, ಎಂಎಕ್ಸ್, ಲುಬುಂಟು, ಪಪ್ಪಿ ಇಂಥ ಹಗುರ ಲಿನಕ್ಸ್ ಹಾಕಿದಾಗ ಡ್ರೈವರ್ ಬಹುಪಾಲು ಲಿನಕ್ಸಿನ ತಿರುಳಾದ ಕರ್ನಲ್ಲಿನ ಒಳಗೇ ಬಂದಿರುತ್ತದೆ. ತಪ್ಪಿರುವುದು ಬೇರೆ ಕಡೆ: ಕಾರ್ಡಿನ ಚಿಪ್ಪಿಗೆ ತುಂಬಬೇಕಾದ ಫರ್ಮ್‌ವೇರ್ ಎಂಬ ಪುಟ್ಟ ಫೈಲು ಇಲ್ಲ, ಅಥವಾ ಲ್ಯಾಪ್‌ಟಾಪಿನ ಅಂಚಿನ ಸ್ವಿಚ್ಚು ಆಫ್ ಆಗಿದೆ, ಅಥವಾ ಒಂದೇ ಕಾರ್ಡನ್ನು ಎರಡು ಸಾಫ್ಟ್‌ವೇರುಗಳು ಎಳೆದಾಡುತ್ತಿವೆ. ಯಾವುದೆಂದು ತಿಳಿಯದೆ ಸಿಕ್ಕಸಿಕ್ಕ ಕಮಾಂಡು ಹೊಡೆಯುತ್ತ ಹೋದರೆ ಒಂದಿದ್ದ ತೊಂದರೆ ಮೂರಾಗುತ್ತದೆ.

ನೋಡುವ ಕ್ರಮ ಇಷ್ಟೇ. ಯಂತ್ರಕ್ಕೆ ಕಾರ್ಡು ಕಾಣುತ್ತಿದೆಯೇ, ಡ್ರೈವರ್ ಅದನ್ನು ಹಿಡಿದಿದೆಯೇ, ಫರ್ಮ್‌ವೇರ್ ಸಿಕ್ಕಿದೆಯೇ, ರೇಡಿಯೋ ಬಂದ್ ಆಗಿದೆಯೇ, ರೌಟರ್ ಒಪ್ಪಿಕೊಂಡಿದೆಯೇ, ಕೊನೆಗೆ ಐಪಿ ವಿಳಾಸ ಬಂದಿದೆಯೇ. ಮೊದಲಿನದು ಸರಿಯಾಗದೆ ಮುಂದಿನದನ್ನು ಮುಟ್ಟಿ ಪ್ರಯೋಜನವಿಲ್ಲ.

ಇಲ್ಲಿನ ಉದಾಹರಣೆಗಳು ಡೆಬಿಯನ್ ಎಂಬ ಲಿನಕ್ಸಿನ ಕುಟುಂಬದವು. ಆಂಟಿಎಕ್ಸ್, ಎಂಎಕ್ಸ್‌ಗೆ ಹಾಗೇ ಹೊಂದುತ್ತವೆ, ಲುಬುಂಟುವಿನಲ್ಲಿ ಪ್ಯಾಕೇಜಿನ ಹೆಸರು ಅಲ್ಲಲ್ಲಿ ಬೇರೆ. ಕಮಾಂಡುಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದೆ. ಟರ್ಮಿನಲ್ಲಿನಲ್ಲಿ (ಕಮಾಂಡು ಬರೆಯುವ ಕಿಟಕಿ) ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಒತ್ತಬೇಕು. ಅಂಕಿ, ಅಡ್ಡಗೆರೆ, ಓರೆಗೆರೆ, ಖಾಲಿ ಜಾಗ ಇದ್ದಲ್ಲೇ ಇರಲಿ. ‘ಸುಡೋ’ ಎಂದರೆ ಎಸ್, ಯು, ಡಿ, ಓ; ಕಮಾಂಡನ್ನು ಪೂರ್ಣ ಅಧಿಕಾರದಿಂದ ನಡೆಸುವ ಪದ. ಪಪ್ಪಿಯಲ್ಲಿ ನೀವು ಮೊದಲಿನಿಂದಲೂ ರೂಟ್ ಬಳಕೆದಾರರು, ಅಂದರೆ ಆ ಅಧಿಕಾರ ಇರುವವರೇ, ಅಲ್ಲಿ ಸುಡೋ ಬೇಡ.

ಮೊದಲು ಫೋನಿನಿಂದ ಇಂಟರ್ನೆಟ್

ವೈಫೈ ಸರಿಮಾಡಲು ಇಂಟರ್ನೆಟ್ ಬೇಕು, ಇಂಟರ್ನೆಟ್ಟಿಗೆ ವೈಫೈ ಬೇಕು. ಈ ಗಂಟು ಬಿಚ್ಚಲು ಆಂಡ್ರಾಯ್ಡ್ ಫೋನು ಸಾಕು. ಡೇಟಾ ಹಾಯುವ ಯುಎಸ್‌ಬಿ ಕೇಬಲ್ಲಿನಿಂದ ಫೋನನ್ನು ಲ್ಯಾಪ್‌ಟಾಪಿಗೆ ಚುಚ್ಚಿ (ಬರೀ ಚಾರ್ಜಿಂಗಿಗೆ ಬರುವ ಅಗ್ಗದ ಕೇಬಲ್ ಆಗದು), ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗಿನೊಳಗೆ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲಿನಕ್ಸ್ ಇದನ್ನು ತಂತಿಯ ನೆಟ್‌ವರ್ಕ್ ಎಂದೇ ಎಣಿಸುತ್ತದೆ, ಬೇರೆ ಡ್ರೈವರ್ ಕೇಳುವುದಿಲ್ಲ. ‘ಐಪಿ ಎ’ ಎಂದು ಕೊಟ್ಟರೆ ‘ಯುಎಸ್‌ಬಿ0’ ಅಥವಾ ‘ಇಎನ್‌ಎಕ್ಸ್’ ಎಂದು ಶುರುವಾಗುವ ಉದ್ದನೆಯ ಹೆಸರು ಕಾಣಬೇಕು.

ಮಲೆನಾಡಿನ ಎಷ್ಟೋ ಮನೆಗಳಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಜಗಲಿಯ ಒಂದು ಮೂಲೆಯಲ್ಲಿ, ಇಲ್ಲವೇ ತೋಟದ ಮೇಲಿನ ದಿಬ್ಬದಲ್ಲಿ. ಮನೆಗೆ ಫೈಬರ್ ಬಂದಿದ್ದರೆ ಅದಕ್ಕೂ ದಾರಿ ಇದೆ: ಫೋನನ್ನು ಮನೆಯ ವೈಫೈಗೆ ಸೇರಿಸಿಕೊಂಡೇ ಟೆದರಿಂಗ್ ಆನ್ ಮಾಡಿ. ವೈಫೈಯಿಂದ ಬಂದದ್ದನ್ನು ಫೋನು ಕೇಬಲ್ಲಿನ ಮೂಲಕ ಲ್ಯಾಪ್‌ಟಾಪಿಗೆ ದಾಟಿಸುತ್ತದೆ, ಸಿಮ್ಮಿನ ಡೇಟಾ ಖರ್ಚಾಗುವುದಿಲ್ಲ. ರೌಟರಿನ ಪಕ್ಕದಲ್ಲೇ ಕೂರಲು ಆಗುವುದಾದರೆ ಲ್ಯಾನ್ ಕೇಬಲ್ ಇನ್ನೂ ಸಲೀಸು.

ಎರಡೂ ಇಲ್ಲದ ಊರಿಗೆ ಒಯ್ಯುವ ಲ್ಯಾಪ್‌ಟಾಪಾದರೆ ಶಿವಮೊಗ್ಗದಲ್ಲೋ ತೀರ್ಥಹಳ್ಳಿಯಲ್ಲೋ ನೆಟ್ ಇರುವಾಗಲೇ ಪೆನ್‌ಡ್ರೈವ್ ತುಂಬಿಸಿಕೊಳ್ಳಿ. ಡೆಬಿಯನ್ನಿನ ಪ್ಯಾಕೇಜ್ ತಾಣದಿಂದ ‘ಫರ್ಮ್‌ವೇರ್-ಐಡಬ್ಲ್ಯುಎಲ್‌ವೈಫೈ’, ‘ಫರ್ಮ್‌ವೇರ್-ರಿಯಲ್‌ಟೆಕ್’, ‘ಫರ್ಮ್‌ವೇರ್-ಅಥೆರಾಸ್’, ‘ಫರ್ಮ್‌ವೇರ್-ಬಿಆರ್‌ಸಿಎಂ80211’, ‘ಫರ್ಮ್‌ವೇರ್-ಮಿಸ್ಕ್-ನಾನ್‌ಫ್ರೀ’ ಎಂಬ ಐದು ಡೆಬ್ ಫೈಲುಗಳನ್ನು ಫೋನಿನಲ್ಲೇ ಇಳಿಸಿ ಓಟಿಜಿ ಮೂಲಕ ಪೆನ್‌ಡ್ರೈವಿಗೆ ಹಾಕಬಹುದು. ಇವು 32 ಬಿಟ್ ಯಂತ್ರಕ್ಕೂ 64 ಬಿಟ್ ಯಂತ್ರಕ್ಕೂ ಒಂದೇ. ಹಾಕುವುದು ಹೀಗೆ: ಪೆನ್‌ಡ್ರೈವಿನ ಫೋಲ್ಡರಿನಲ್ಲಿ ಟರ್ಮಿನಲ್ ತೆರೆದು ‘ಸುಡೋ ಡಿಪಿಕೆಜಿ -ಐ’ ಎಂದು ಬರೆದು, ಒಂದು ಜಾಗ ಬಿಟ್ಟು ಫೈಲಿನ ಹೆಸರು.

ಡಬ್ಬಿಯ ಮೇಲಿನ ಹೆಸರಲ್ಲ, ಚಿಪ್ಪಿನ ನಂಬರು

ಕಾರ್ಡು ಯಾವ ಕಂಪನಿಯದು ಎಂಬುದು ಲಿನಕ್ಸಿಗೆ ಬೇಕಿಲ್ಲ; ಒಳಗಿನ ಚಿಪ್ ಯಾವುದು ಎಂಬುದು ಬೇಕು. ಟಿಪಿ-ಲಿಂಕಿನ ಟಿಎಲ್-ಡಬ್ಲ್ಯುಎನ್722ಎನ್ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ವೈಫೈ ಕಾರ್ಡು) ಇದಕ್ಕೆ ಹಳೆಯ ಉದಾಹರಣೆ. ಮೊದಲ ಆವೃತ್ತಿಯಲ್ಲಿ ಇದ್ದದ್ದು ಅಥೆರಾಸ್ ಎಆರ್9271, ಲಿನಕ್ಸಿನಲ್ಲಿ ಬೆಣ್ಣೆಯಂತೆ ನಡೆಯುವ ಚಿಪ್. ಎರಡನೆಯ ಆವೃತ್ತಿಯಿಂದ ಒಳಗೆ ರಿಯಲ್‌ಟೆಕ್ 8188ಇಯುಎಸ್. ಹೆಸರು ಅದೇ, ಡ್ರೈವರ್ ಪೂರ್ತಿ ಬೇರೆ.

ಒಳಗಿನ ಕಾರ್ಡಿಗೆ ಈ ಕಮಾಂಡು:

ಎಲ್ಎಸ್‌ಪಿಸಿಐ -ಎನ್‌ಎನ್‌ಕೆ

ಯುಎಸ್‌ಬಿ ಡಾಂಗಲ್ಲಿಗೆ ಇದು:

ಎಲ್ಎಸ್‌ಯುಎಸ್‌ಬಿ

ಮೊದಲನೆಯದರಲ್ಲಿ ನೆಟ್‌ವರ್ಕ್ ಕಂಟ್ರೋಲರ್ ಎಂದಿರುವ ಸಾಲು ಹುಡುಕಿ. ಅದರ ಕೊನೆಯಲ್ಲಿ ಚೌಕ ಆವರಣದೊಳಗೆ 14ಇ4:4315 ಎಂಬಂತೆ ನಾಲ್ಕು ನಾಲ್ಕು ಅಕ್ಷರದ ಜೋಡಿ ಇರುತ್ತದೆ. ಎಡಗಡೆಯದು ಚಿಪ್ ಮಾಡಿದವರ ಗುರುತು, ಬಲಗಡೆಯದು ಮಾದರಿ. 8086 ಇಂಟೆಲ್, 168ಸಿ ಅಥೆರಾಸ್, 14ಇ4 ಬ್ರಾಡ್‌ಕಾಂ, 10ಇಸಿ ರಿಯಲ್‌ಟೆಕ್, 14ಸಿ3 ಮೀಡಿಯಾಟೆಕ್. ಯುಎಸ್‌ಬಿಯಲ್ಲಿ ರಿಯಲ್‌ಟೆಕ್ 0ಬಿಡಿಎ ಆಗಿಯೂ ರಾಲಿಂಕ್ 148ಎಫ್ ಆಗಿಯೂ ಕಾಣುತ್ತವೆ. ಈ ಜೋಡಿಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಯಾರನ್ನೇ ಕೇಳಿದರೂ, ಎಲ್ಲೇ ಹುಡುಕಿದರೂ ಉಪಯೋಗಕ್ಕೆ ಬರುವುದು ಇದೊಂದೇ.

ಅದೇ ಸಾಲಿನ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂಬ ಸಾಲು ಇದೆಯೇ ನೋಡಿ. ಇದ್ದರೆ ಡ್ರೈವರ್ ಹಿಡಿದಿದೆ, ಹುಡುಕಬೇಕಾದ್ದು ಫರ್ಮ್‌ವೇರ್ ಅಥವಾ ಸ್ವಿಚ್ಚು. ‘ಕರ್ನಲ್ ಮಾಡ್ಯೂಲ್ಸ್’ ಮಾತ್ರ ಇದ್ದು ‘ಇನ್ ಯೂಸ್’ ಇಲ್ಲದಿದ್ದರೆ ಡ್ರೈವರ್ ಇದೆ ಆದರೆ ಯಾವುದೋ ಫೈಲು ಅದನ್ನು ತಡೆದಿದೆ, ಅಥವಾ ಎದ್ದು ಬಿದ್ದಿದೆ. ಎರಡೂ ಇಲ್ಲದಿದ್ದರೆ ಈ ಕರ್ನಲ್ಲಿಗೆ ಆ ಚಿಪ್ ಗೊತ್ತಿಲ್ಲ. ಕಾರ್ಡಿನ ಸಾಲೇ ಇಲ್ಲವೆಂದರೆ ತೊಂದರೆ ಲಿನಕ್ಸಿನದಲ್ಲ: ಬಯೋಸಿನಲ್ಲಿ (ಲಿನಕ್ಸಿಗೂ ಮೊದಲು ತೆರೆಯುವ ಯಂತ್ರದ ಸೆಟ್ಟಿಂಗು) ವೈರ್‌ಲೆಸ್ ಆಫ್ ಆಗಿದೆ, ಇಲ್ಲವೇ ಕಾರ್ಡು ಸ್ಲಾಟಿನಿಂದ ಸಡಿಲವಾಗಿದೆ, ಇಲ್ಲವೇ ಸತ್ತಿದೆ.

ಫರ್ಮ್‌ವೇರ್ ಇಲ್ಲದ್ದನ್ನು ಕರ್ನಲ್ ತಾನೇ ಹೇಳುತ್ತದೆ. ‘ಸುಡೋ ಡಿಎಂಇಎಸ್‌ಜಿ’ ಕೊಟ್ಟು ಬರುವ ಸಾಲುಗಳಲ್ಲಿ ‘ಫರ್ಮ್‌ವೇರ್’ ಎಂಬ ಪದ ಹುಡುಕಿ. ‘ಫೇಲ್ಡ್ ವಿತ್ ಎರರ್ -2’ ಎಂದಿದ್ದರೆ ಅರ್ಥ ಒಂದೇ, ಫೈಲು ಸಿಗಲಿಲ್ಲ. ಆ ಸಾಲಿನಲ್ಲೇ ಬೇಕಾದ ಫೈಲಿನ ಹೆಸರು ಫೋಲ್ಡರ್ ಸಮೇತ ಬರೆದಿರುತ್ತದೆ. ಆ ಫೈಲು ‘/ಲಿಬ್/ಫರ್ಮ್‌ವೇರ್’ ಕೆಳಗೆ ಅದೇ ಫೋಲ್ಡರಿನಲ್ಲಿ ಇರಬೇಕು. ಒಂದು ಫೋಲ್ಡರ್ ಆಚೀಚೆಯಾದರೂ ಕರ್ನಲ್ ಹುಡುಕಿಕೊಂಡು ಬರುವುದಿಲ್ಲ. -110 ಅಥವಾ -71 ಎಂಬ ಎರರ್ ಯುಎಸ್‌ಬಿ ಡಾಂಗಲ್ಲಿನಲ್ಲಿ ಕಂಡರೆ ಅದು ಫರ್ಮ್‌ವೇರಿನ ಮಾತಲ್ಲ. ಹಬ್ ತೆಗೆದು ನೇರ ಚುಚ್ಚಿ, ಬೇರೆ ಪೋರ್ಟ್ ನೋಡಿ. ಡೆಸ್ಕ್‌ಟಾಪಾದರೆ ಹಿಂದಿನ ಪೋರ್ಟೇ ಒಳ್ಳೆಯದು.

ಚಿಪ್ಪಿಗೆ ತಕ್ಕ ಮದ್ದು

ಡೆಬಿಯನ್ನಿನ ಫರ್ಮ್‌ವೇರ್ ಪ್ಯಾಕೇಜುಗಳು ಬೇರೆಯದೇ ಕವಾಟಿನಲ್ಲಿವೆ. 2023ರ ಜೂನಿನಲ್ಲಿ ಬಂದ ಡೆಬಿಯನ್ 12 ರಿಂದ ಆ ಕವಾಟಿನ ಹೆಸರು ‘ನಾನ್-ಫ್ರೀ-ಫರ್ಮ್‌ವೇರ್’. ಅದಕ್ಕೆ ಮುಂಚೆ ಎಲ್ಲವೂ ‘ನಾನ್-ಫ್ರೀ’ಯಲ್ಲೇ ಇದ್ದವು. 11 ರಿಂದ 12ಕ್ಕೆ ಏರಿಸಿಕೊಂಡವರು ಎಡವುವುದು ಇಲ್ಲೇ. ‘/ಇಟಿಸಿ/ಆಪ್ಟ್’ ಕೆಳಗಿನ ಸೋರ್ಸಸ್ ಫೈಲಿನಲ್ಲಿ ಹಳೇ ಸಾಲೇ ಉಳಿದಿರುತ್ತದೆ, ಪ್ಯಾಕೇಜ್ ಸಿಗುವುದಿಲ್ಲ. ‘ಮೇನ್’ ಇರುವ ಪ್ರತಿ ಸಾಲಿನ ಕೊನೆಗೆ ‘ಕಾಂಟ್ರಿಬ್ ನಾನ್-ಫ್ರೀ ನಾನ್-ಫ್ರೀ-ಫರ್ಮ್‌ವೇರ್’ ಸೇರಿಸಿ ‘ಸುಡೋ ಆಪ್ಟ್ ಅಪ್‌ಡೇಟ್’ ಕೊಡಿ. ಆಂಟಿಎಕ್ಸ್, ಎಂಎಕ್ಸ್‌ನ ಪೂರ್ಣ ಆವೃತ್ತಿ ಹಾಕಿದ್ದರೆ ಇದರ ಗೋಜೇ ಇಲ್ಲ, ಸಾಮಾನ್ಯ ಫರ್ಮ್‌ವೇರುಗಳು ಜೊತೆಗೇ ಬರುತ್ತವೆ.

ಇಂಟೆಲ್ ಸುಲಭ. ‘ಫರ್ಮ್‌ವೇರ್-ಐಡಬ್ಲ್ಯುಎಲ್‌ವೈಫೈ’ ಹಾಕಿ ರೀಸ್ಟಾರ್ಟ್ ಮಾಡಿದರೆ 3945 ರಿಂದ ಹಿಡಿದು ಈಚಿನವರೆಗೆ ಬಹುತೇಕ ಎಲ್ಲ ಏಳುತ್ತವೆ. ಅದಕ್ಕಿಂತ ಹಳೆಯ 2200ಬಿಜಿ ಮಾದರಿಗೆ ‘ಫರ್ಮ್‌ವೇರ್-ಐಪಿಡಬ್ಲ್ಯು2ಎಕ್ಸ್00’ ಎಂಬ ಬೇರೆ ಪ್ಯಾಕೇಜ್.

ಅಥೆರಾಸ್ ಇನ್ನೂ ಸುಲಭ. ಎಆರ್9285, 9287, 9462 ಇವಕ್ಕೆ ಎಟಿಎಚ್9ಕೆ ಎಂಬ ಡ್ರೈವರ್, ಫರ್ಮ್‌ವೇರ್ ಬೇಕೇ ಇಲ್ಲ. ಹಳೇ ಲ್ಯಾಪ್‌ಟಾಪಿಗೆ ಸೆಕೆಂಡ್ ಹ್ಯಾಂಡ್ ಕಾರ್ಡು ಕೊಳ್ಳುವುದಾದರೆ ಕಣ್ಣು ಮುಚ್ಚಿ ಇವನ್ನೇ ಆರಿಸಿ.

ಬ್ರಾಡ್‌ಕಾಂ ಬಂದರೆ ಕುರ್ಚಿ ಎಳೆದುಕೊಂಡು ಕೂರಿ. ಇದರಲ್ಲಿ ಮೂರು ಪಂಗಡ, ಒಂದರ ಮದ್ದು ಇನ್ನೊಂದಕ್ಕೆ ವಿಷ. 4311, 4318 ಇಂಥ ಹಳೆಯವಕ್ಕೆ ಬಿ43 ಡ್ರೈವರ್, ಪ್ಯಾಕೇಜ್ ‘ಫರ್ಮ್‌ವೇರ್-ಬಿ43-ಇನ್‌ಸ್ಟಾಲರ್’. ಬಹಳ ಲ್ಯಾಪ್‌ಟಾಪುಗಳಲ್ಲಿ ಬಂದ 14ಇ4:4315 ಕೂಡ ಬಿ43 ಕಡೆಯದೇ, ಆದರೆ ಅದಕ್ಕೆ ‘ಫರ್ಮ್‌ವೇರ್-ಬಿ43-ಎಲ್‌ಪಿಪಿಎಚ್‌ವೈ-ಇನ್‌ಸ್ಟಾಲರ್’. ಹೆಸರಿನಲ್ಲಿ ಇನ್‌ಸ್ಟಾಲರ್ ಎಂದಿರುವುದನ್ನು ಗಮನಿಸಿ: ಈ ಎರಡು ಪ್ಯಾಕೇಜಿನೊಳಗೆ ಫರ್ಮ್‌ವೇರ್ ಇರುವುದಿಲ್ಲ, ಹಾಕುವ ಹೊತ್ತಿಗೆ ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳುತ್ತವೆ. ಪೆನ್‌ಡ್ರೈವಿನಲ್ಲಿ ಡೆಬ್ ಒಯ್ದು ನೆಟ್ ಇಲ್ಲದ ಮನೆಯಲ್ಲಿ ಹಾಕಿದರೆ ಖಾಲಿ ಕೈ. ಮತ್ತೊಂದು ಯಂತ್ರದಲ್ಲಿ ಹಾಕಿ, ಅಲ್ಲಿ ತಯಾರಾದ ‘/ಲಿಬ್/ಫರ್ಮ್‌ವೇರ್/ಬಿ43’ ಫೋಲ್ಡರನ್ನು ಇಡಿಯಾಗಿ ನಕಲು ಮಾಡಿ ತಂದರೆ ಕೆಲಸ ಮುಗಿಯುತ್ತದೆ.

ಎರಡನೆಯ ಪಂಗಡ 14ಇ4:4727, ಅಂದರೆ ಬಿಸಿಎಂ4313. ಇದಕ್ಕೆ ಬಿಆರ್‌ಸಿಎಂಎಸ್‌ಮ್ಯಾಕ್ ಡ್ರೈವರ್, ‘ಫರ್ಮ್‌ವೇರ್-ಬಿಆರ್‌ಸಿಎಂ80211’ ಸಾಕು.

ಮೂರನೆಯದು 14ಇ4:4365 ಥರದವು, ಅಂದರೆ ಬಿಸಿಎಂ43142. ಇವಕ್ಕೆ ಕರ್ನಲ್ಲಿನೊಳಗೆ ಡ್ರೈವರ್ ಇಲ್ಲ. ಬ್ರಾಡ್‌ಕಾಂ ಕೊಟ್ಟ ‘ಡಬ್ಲ್ಯುಎಲ್’ ಎಂಬ ಡ್ರೈವರನ್ನು ನಿಮ್ಮ ಯಂತ್ರದಲ್ಲೇ ಕಟ್ಟಿಕೊಳ್ಳಬೇಕು. ಮೊದಲು ‘ಯುನೇಮ್ -ಆರ್’ ಕೊಟ್ಟು ಕರ್ನಲ್ಲಿನ ಪೂರ್ತಿ ಹೆಸರು ತಿಳಿದುಕೊಳ್ಳಿ. ‘ಲಿನಕ್ಸ್-ಹೆಡರ್ಸ್-’ ಎಂಬುದಕ್ಕೆ ಆ ಹೆಸರನ್ನು ಜಾಗ ಬಿಡದೆ ಅಂಟಿಸಿದರೆ ಬೇಕಾದ ಹೆಡರ್ (ಡ್ರೈವರ್ ಕಟ್ಟಲು ಬೇಕಾಗುವ ಕರ್ನಲ್ ಫೈಲುಗಳು) ಪ್ಯಾಕೇಜಿನ ಹೆಸರು. ಅದನ್ನು ಮೊದಲು ಹಾಕಿ, ಆಮೇಲೆ:

ಸುಡೋ ಆಪ್ಟ್ ಇನ್‌ಸ್ಟಾಲ್ ಬ್ರಾಡ್‌ಕಾಂ-ಎಸ್‌ಟಿಎ-ಡಿಕೆಎಂಎಸ್

ಉಬುಂಟು ಕಡೆಯವುಗಳಲ್ಲಿ ಇದರ ಹೆಸರು ‘ಬಿಸಿಎಂಡಬ್ಲ್ಯುಎಲ್-ಕರ್ನಲ್-ಸೋರ್ಸ್’. ಕಟ್ಟುವುದಕ್ಕೆ ಹಳೇ ಯಂತ್ರ ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತದೆ, ಸಿಕ್ಕಿಹಾಕಿಕೊಂಡಿತು ಎಂದು ಮಧ್ಯೆ ಮುಚ್ಚಬೇಡಿ. ಮುಗಿದ ಮೇಲೆ ಹಳೆಯವನ್ನು ಇಳಿಸಿ ಹೊಸದನ್ನು ಏರಿಸಿ:

ಸುಡೋ ಮಾಡ್‌ಪ್ರೋಬ್ -ಆರ್ ಬಿ43 ಎಸ್‌ಎಸ್‌ಬಿ ಬಿಆರ್‌ಸಿಎಂಎಸ್‌ಮ್ಯಾಕ್ ಬಿಸಿಎಂಎ

ಸುಡೋ ಮಾಡ್‌ಪ್ರೋಬ್ ಡಬ್ಲ್ಯುಎಲ್

ಡಬ್ಲ್ಯುಎಲ್ ಮತ್ತು ಬಿ43 ಒಂದೇ ಯಂತ್ರದಲ್ಲಿ ಬಾಳುವುದಿಲ್ಲ. ಡಬ್ಲ್ಯುಎಲ್ ಪ್ಯಾಕೇಜ್ ತಾನು ಬರುವಾಗಲೇ ಬಿ43 ಕಡೆಯವನ್ನೆಲ್ಲ ತಡೆಪಟ್ಟಿಗೆ ಸೇರಿಸುತ್ತದೆ. ಹಾಗಾಗಿ ‘ಇದನ್ನೂ ಒಂದು ನೋಡೋಣ’ ಎಂದು ಬಿ43 ಚಿಪ್ಪಿನ ಯಂತ್ರಕ್ಕೆ ಡಬ್ಲ್ಯುಎಲ್ ಹಾಕಿದವರ ಕಾರ್ಡು, ಆಮೇಲೆ ಸರಿಯಾದ ಫರ್ಮ್‌ವೇರ್ ಹಾಕಿದರೂ ಏಳುವುದಿಲ್ಲ. ಅಂಥದ್ದಕ್ಕೆ ‘ಸುಡೋ ಆಪ್ಟ್ ಪರ್ಜ್ ಬ್ರಾಡ್‌ಕಾಂ-ಎಸ್‌ಟಿಎ-ಡಿಕೆಎಂಎಸ್’ ಕೊಟ್ಟು, ‘/ಇಟಿಸಿ/ಮಾಡ್‌ಪ್ರೋಬ್.ಡಿ’ ಫೋಲ್ಡರಿನ ಫೈಲುಗಳಲ್ಲಿ ‘ಬ್ಲ್ಯಾಕ್‌ಲಿಸ್ಟ್ ಬಿ43’ ಎಂಬ ಸಾಲು ಉಳಿದಿದೆಯೇ ನೋಡಿ ಅಳಿಸಬೇಕು. ಮಾಡ್‌ಪ್ರೋಬ್ ‘ಕೀ ವಾಸ್ ರಿಜೆಕ್ಟೆಡ್’ ಎಂದು ಬೈದರೆ ಬಯೋಸಿನಲ್ಲಿ ಸೆಕ್ಯೂರ್ ಬೂಟ್ ಆನ್ ಇದೆ, ಆಫ್ ಮಾಡಿ.

ಇನ್ನೊಂದು ಹೊಡೆತ ತಿಂಗಳುಗಳಾದ ಮೇಲೆ ಬೀಳುತ್ತದೆ. ಕರ್ನಲ್ ಅಪ್‌ಡೇಟ್ ಆದ ಮರುದಿನ ವೈಫೈ ಮಾಯ. ಹೊಸ ಕರ್ನಲ್ಲಿನ ಹೆಡರ್ ಇಲ್ಲದೆ ಡ್ರೈವರ್ ಮತ್ತೆ ಕಟ್ಟಲಾಗಿಲ್ಲ ಎಂದರ್ಥ. ಯಂತ್ರ ಶುರುವಾಗುವಾಗ ಬರುವ ಗ್ರಬ್ ಮೆನುವಿನಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಹೋಗಿ ಹಳೇ ಕರ್ನಲ್ಲಿನಿಂದ ಬೂಟ್ ಮಾಡಿದರೆ ವೈಫೈ ಇರುತ್ತದೆ, ಅಲ್ಲಿಂದ ಹೊಸ ಕರ್ನಲ್ಲಿನ ಹೆಡರ್ ಹಾಕಿಕೊಳ್ಳಿ.

ರಿಯಲ್‌ಟೆಕ್ ಚಿಪ್ಪಿಗೆ ಕೇಳಬೇಕಾದ ಪ್ರಶ್ನೆ ಕರ್ನಲ್ ಎಷ್ಟು ಹೊಸದು ಎಂಬುದು. ಒಳಗಿನ 8188ಇಇ, 8723ಬಿಇ ಹಳೇ ಕರ್ನಲ್ಲಿನಲ್ಲೂ ‘ಫರ್ಮ್‌ವೇರ್-ರಿಯಲ್‌ಟೆಕ್’ ಹಾಕಿದರೆ ನಡೆಯುತ್ತವೆ. ಯುಎಸ್‌ಬಿಯ 8821ಸಿಯು, 8822ಬಿಯು ಚಿಪ್ಪುಗಳಿಗೆ ಕರ್ನಲ್ 6.2 ರಿಂದ, 8812ಎಯು, 8821ಎಯು ಚಿಪ್ಪುಗಳಿಗೆ 6.12ರ ನಂತರದ ಆವೃತ್ತಿಗಳಿಂದ ಕರ್ನಲ್ಲಿನೊಳಗೇ ಡ್ರೈವರ್ ಬಂದಿದೆ. ಡೆಬಿಯನ್ 12ರ ಕರ್ನಲ್ 6.1, ಡೆಬಿಯನ್ 13ರದು 6.12. ಹೊಸ ‘ಎಸಿ’ ಮಾದರಿಯ ವೇಗದ ವೈಫೈ ಡಾಂಗಲ್ ತಂದು ಹಗುರ ಲಿನಕ್ಸಿಗೆ ಚುಚ್ಚಿದರೆ ಸುಮ್ಮನಿರುವುದು ಈ ಲೆಕ್ಕಕ್ಕೆ. ಎಂಎಕ್ಸ್, ಆಂಟಿಎಕ್ಸ್‌ನ ಪ್ಯಾಕೇಜ್ ಇನ್‌ಸ್ಟಾಲರಿನಲ್ಲಿ ಹೊಸ ಕರ್ನಲ್ ಆರಿಸಿಕೊಳ್ಳಲು ಬರುತ್ತದೆ. ಆದರೆ 32 ಬಿಟ್ ಯಂತ್ರದವರ ದಾರಿ ಕಿರಿದಾಗುತ್ತಿದೆ, 2025ರ ಆಗಸ್ಟಿನ ಡೆಬಿಯನ್ 13 ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರೇ ಇಲ್ಲ.

ರಿಯಲ್‌ಟೆಕ್ ಡಾಂಗಲ್ಲಿನ ಮತ್ತೊಂದು ಚೇಷ್ಟೆ: ಎಲ್ಎಸ್‌ಯುಎಸ್‌ಬಿಯಲ್ಲಿ 0ಬಿಡಿಎ:1ಎ2ಬಿ ಎಂದು ಕಂಡರೆ ಅದು ವೈಫೈ ವೇಷದಲ್ಲಿಲ್ಲ, ವಿಂಡೋಸ್ ಡ್ರೈವರ್ ತುಂಬಿದ ಸಿಡಿಯ ವೇಷದಲ್ಲಿದೆ. ಫೈಲ್ ಮ್ಯಾನೇಜರಿನಲ್ಲಿ ಆ ಸಿಡಿಯನ್ನು ಇಜೆಕ್ಟ್ ಮಾಡಿದರೆ ಸಾಮಾನ್ಯವಾಗಿ ನಿಜರೂಪ ತೋರಿಸುತ್ತದೆ. ಪ್ರತಿಸಲ ಹೀಗೆ ಮಾಡುವುದು ಬೇಡವೆಂದರೆ ‘ಯುಎಸ್‌ಬಿ-ಮೋಡ್‌ಸ್ವಿಚ್’ ಪ್ಯಾಕೇಜ್ ಹಾಕಿ.

ಅಗ್ಗದ ಹಲವು ಲ್ಯಾಪ್‌ಟಾಪುಗಳಲ್ಲಿ 8723ಬಿಇ ಕಾರ್ಡಿಗೆ ಒಂದೇ ಆಂಟೆನಾ ತಂತಿ ಸಿಕ್ಕಿಸಿರುತ್ತಾರೆ, ಡ್ರೈವರ್ ಮತ್ತೊಂದು ತುದಿಯಲ್ಲಿ ಕೇಳುತ್ತಿರುತ್ತದೆ. ರೌಟರ್ ಪಕ್ಕದಲ್ಲಿದ್ದರೂ ಒಂದೇ ಕಡ್ಡಿ. ‘/ಇಟಿಸಿ/ಮಾಡ್‌ಪ್ರೋಬ್.ಡಿ’ ಒಳಗೆ ‘.ಕಾನ್ಫ್’ ಎಂದು ಮುಗಿಯುವ ಒಂದು ಫೈಲು ಮಾಡಿ ಈ ಸಾಲು ಬರೆಯಿರಿ:

ಆಪ್ಷನ್ಸ್ ಆರ್‌ಟಿಎಲ್8723ಬಿಇ ಎಎನ್‌ಟಿ_ಎಸ್‌ಇಎಲ್=2

ರೀಸ್ಟಾರ್ಟ್ ಮಾಡಿ ನೋಡಿ, ಸುಧಾರಿಸದಿದ್ದರೆ 2ರ ಬದಲು 1.

ರಾಲಿಂಕ್ ಆರ್‌ಟಿ5370, ಮೀಡಿಯಾಟೆಕ್ ಎಂಟಿ7601ಯು ಎಂಬ ಪುಟ್ಟ ಡಾಂಗಲ್ಲುಗಳು ತಕರಾರಿಲ್ಲದೆ ನಡೆಯುತ್ತವೆ. ಡೆಬಿಯನ್ 12 ರಲ್ಲಿ ಎರಡರ ಫರ್ಮ್‌ವೇರೂ ‘ಫರ್ಮ್‌ವೇರ್-ಮಿಸ್ಕ್-ನಾನ್‌ಫ್ರೀ’ಯಲ್ಲಿದೆ. ಎರಡೂ 2.4 ಗಿಗಾಹರ್ಟ್ಸಿನವು ಮಾತ್ರ.

ಕಾರ್ಡು ಎದ್ದಿದೆ, ಪಟ್ಟಿ ಖಾಲಿ

‘ಐಪಿ ಎ’ಯಲ್ಲಿ ‘ಡಬ್ಲ್ಯುಎಲ್’ ಎಂದು ಶುರುವಾಗುವ ಹೆಸರು ಬಂದಿದ್ದರೆ ಕಾರ್ಡು ಎದ್ದಿದೆ. ಈಗ ‘ಆರ್‌ಎಫ್‌ಕಿಲ್ ಲಿಸ್ಟ್’. ‘ಸಾಫ್ಟ್ ಬ್ಲಾಕ್ಡ್: ಯೆಸ್’ ಎಂದಿದ್ದರೆ ‘ಸುಡೋ ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ’ ಸಾಕು. ‘ಹಾರ್ಡ್ ಬ್ಲಾಕ್ಡ್’ ಆಗಿದ್ದರೆ ಕಮಾಂಡಿಗೆ ಬಗ್ಗುವುದಿಲ್ಲ, ಲ್ಯಾಪ್‌ಟಾಪಿನ ಮುಂದಿನ ಅಂಚಿನಲ್ಲಿ ಜಾರುವ ಸ್ವಿಚ್ಚು ಹುಡುಕಿ, ಇಲ್ಲವೇ ಆಂಟೆನಾ ಚಿತ್ರವಿರುವ ಕೀಲಿಯನ್ನು ಎಫ್‌ಎನ್ ಜೊತೆ ಒತ್ತಿ. ಸ್ವಿಚ್ಚೇ ಇಲ್ಲದ ಕೆಲವು ಲೆನೊವೊ ಲ್ಯಾಪ್‌ಟಾಪುಗಳಲ್ಲಿ ‘ಐಡಿಯಾಪ್ಯಾಡ್_ಲ್ಯಾಪ್‌ಟಾಪ್’ ಎಂಬ ಮಾಡ್ಯೂಲು ಇಲ್ಲದ ಸ್ವಿಚ್ಚು ಆಫ್ ಆಗಿದೆ ಎಂದು ಸುಳ್ಳು ಹೇಳುವುದುಂಟು. ಅದನ್ನು ‘ಸುಡೋ ಮಾಡ್‌ಪ್ರೋಬ್ -ಆರ್’ ಕೊಟ್ಟು ಇಳಿಸಿದರೆ ಪಟ್ಟಿ ತುಂಬುತ್ತದೆ.

ಬೇರೆಯವರ ವೈಫೈ ಕಾಣುತ್ತದೆ, ನಮ್ಮದು ಮಾತ್ರ ಇಲ್ಲ ಎಂದಾದರೆ ರೌಟರಿನ ಕಡೆ ತಿರುಗಿ. ಹಳೇ ಕಾರ್ಡುಗಳು 2.4 ಗಿಗಾಹರ್ಟ್ಸ್ ಮಾತ್ರ ಕೇಳುತ್ತವೆ, ರೌಟರಿನಲ್ಲಿ 5 ಮಾತ್ರ ಆನ್ ಇದ್ದರೆ ಕಾಣುವುದಿಲ್ಲ. ಚಾನೆಲ್ 12 ಅಥವಾ 13 ರಲ್ಲಿದ್ದರೂ ಇದೇ ಕಥೆ: ದೇಶ ಯಾವುದೆಂದು ತಿಳಿಯದ ಕಾರ್ಡು ಆ ಎರಡರಲ್ಲಿ ತಾನಾಗಿ ಬಾಯಿ ಬಿಡುವುದಿಲ್ಲ. ‘ಸುಡೋ ಐಡಬ್ಲ್ಯು ರೆಗ್ ಸೆಟ್’ ಬರೆದು ಕೊನೆಗೆ ಐಎನ್ ಎಂದು ಭಾರತದ ಗುರುತು ಕೊಡಿ; ಈ ಎರಡಕ್ಷರ ಮಾತ್ರ ದೊಡ್ಡಕ್ಷರ. ಅದಕ್ಕಿಂತ ರೌಟರನ್ನೇ 1, 6 ಅಥವಾ 11ಕ್ಕೆ ಕೂರಿಸಿದರೆ ಮನೆಯ ಎಲ್ಲ ಹಳೇ ಸಾಮಾನಿಗೂ ಒಳಿತು.

ಹೆಸರು ಕಾಣುತ್ತದೆ, ಪಾಸ್‌ವರ್ಡ್ ಸರಿಯಿದ್ದರೂ ಸೇರುವುದಿಲ್ಲ ಎಂದರೆ ಡಬ್ಲ್ಯುಪಿಎ3 ಎಂಬ ಹೊಸ ಭದ್ರತಾ ವಿಧಾನದ ಮೇಲೆ ಅನುಮಾನ. ರೌಟರಿನಲ್ಲಿ ಬರೀ ಡಬ್ಲ್ಯುಪಿಎ3 ಇದ್ದರೆ ಡಬ್ಲ್ಯುಪಿಎ2 ಎಇಎಸ್ ಮಾಡಿ. ಟಿಕೆಐಪಿ ಎಂಬ ಹಳೇ ವಿಧಾನ ಆರಿಸಬೇಡಿ, ಸುರಕ್ಷೆಯೂ ಇಲ್ಲ, ವೇಗವೂ 54 ಎಂಬಿಪಿಎಸ್ ದಾಟುವುದಿಲ್ಲ.

ಒಬ್ಬನೇ ಯಜಮಾನ

ಕಾರ್ಡನ್ನು ನೋಡಿಕೊಳ್ಳುವ ಸಾಫ್ಟ್‌ವೇರ್ ಒಂದೇ ಇರಬೇಕು. ಎಂಎಕ್ಸ್, ಲುಬುಂಟುವಿನಲ್ಲಿ ನೆಟ್‌ವರ್ಕ್ ಮ್ಯಾನೇಜರ್, ಆಂಟಿಎಕ್ಸ್ 23 ರಲ್ಲಿ ಕಾನ್‌ಮ್ಯಾನ್, ಪಪ್ಪಿಯಲ್ಲಿ ಕನೆಕ್ಟ್ ಗುರುತಿನ ಹಿಂದೆ ಎಸ್‌ಎನ್‌ಎಸ್, ಫ್ರಿಸ್ಬಿ ಇತ್ಯಾದಿ. ಆಂಟಿಎಕ್ಸ್‌ನಲ್ಲಿ ಕಾನ್‌ಮ್ಯಾನ್ ಇರುವಾಗಲೇ ‘ನನಗೆ ಅಭ್ಯಾಸ’ ಎಂದು ನೆಟ್‌ವರ್ಕ್ ಮ್ಯಾನೇಜರ್ ಹಾಕಿಕೊಂಡರೆ ಇಬ್ಬರೂ ಕಾರ್ಡನ್ನು ಎಳೆದು, ಎರಡು ನಿಮಿಷಕ್ಕೊಮ್ಮೆ ಸಂಪರ್ಕ ಕಡಿಯುತ್ತದೆ. ಒಂದನ್ನು ತೆಗೆಯಿರಿ. ಆಂಟಿಎಕ್ಸ್‌ನಲ್ಲಿ ಹಿನ್ನೆಲೆಯ ಸೇವೆಗಳನ್ನು ನಡೆಸುವ ಸಿಸ್ಟಂಡಿ ಇಲ್ಲ, ಹಾಗಾಗಿ ಎಲ್ಲೋ ಓದಿದ ‘ಸಿಸ್ಟಂಸಿಟಿಎಲ್’ ಅಲ್ಲಿ ನಡೆಯದು. ‘ಸುಡೋ ಸರ್ವಿಸ್ ಕಾನ್‌ಮ್ಯಾನ್ ರೀಸ್ಟಾರ್ಟ್’ ಎನ್ನಬೇಕು.

ನೆಟ್‌ವರ್ಕ್ ಮ್ಯಾನೇಜರಿನಲ್ಲಿ ‘ಎನ್‌ಎಂಸಿಎಲ್‌ಐ ಡಿವೈಸ್’ ಕೊಟ್ಟಾಗ ಕಾರ್ಡಿನ ಎದುರು ‘ಅನ್‌ಮ್ಯಾನೇಜ್ಡ್’ ಎಂದಿದ್ದರೆ ಕಾರಣ ಹೆಚ್ಚಾಗಿ ಒಂದೇ. ಡೆಬಿಯನ್ ಹಾಕುವಾಗಲೇ ವೈಫೈ ಬಳಸಿದ್ದರೆ ಇನ್‌ಸ್ಟಾಲರ್ ಆ ಕಾರ್ಡಿನ ಹೆಸರನ್ನು ‘/ಇಟಿಸಿ/ನೆಟ್‌ವರ್ಕ್/ಇಂಟರ್‌ಫೇಸಸ್’ ಫೈಲಿನಲ್ಲಿ ಬರೆದಿಟ್ಟಿರುತ್ತದೆ. ಅಲ್ಲಿ ಹೆಸರಿರುವುದನ್ನು ಮ್ಯಾನೇಜರ್ ಮುಟ್ಟುವುದಿಲ್ಲ. ಆ ಫೈಲಿನಲ್ಲಿ ‘ಲೋ’ ಕುರಿತ ಸಾಲುಗಳನ್ನು ಬಿಟ್ಟು ವೈಫೈ ಸಾಲುಗಳ ಮುಂದೆ # ಗುರುತು ಹಾಕಿ ರೀಸ್ಟಾರ್ಟ್ ಮಾಡಿ.

ಪಪ್ಪಿಯಾಗಲಿ, ಪೆನ್‌ಡ್ರೈವಿನಿಂದ ನಡೆಸುವ ಆಂಟಿಎಕ್ಸ್ ಆಗಲಿ, ಬದಲಾವಣೆ ಉಳಿಸಿಡುವ ಸೇವ್ ಫೈಲು ಅಥವಾ ಪರ್ಸಿಸ್ಟೆನ್ಸ್ ಇಲ್ಲದಿದ್ದರೆ ಇಷ್ಟೂ ಹೊತ್ತು ಮಾಡಿದ್ದು ಕರೆಂಟು ಹೋದೊಡನೆ ಹೋಗುತ್ತದೆ.

ಸೇರಿದೆ, ಪುಟ ತೆರೆಯುತ್ತಿಲ್ಲ

ಮೊದಲು ಗಡಿಯಾರ ನೋಡಿ. ಅಟ್ಟದಿಂದ ಇಳಿಸಿದ ಲ್ಯಾಪ್‌ಟಾಪಿನ ಗಡಿಯಾರ ನಡೆಸುವ ಸೀಮಾಸ್ ಬ್ಯಾಟರಿ ಸತ್ತಿರುತ್ತದೆ, ಕರೆಂಟು ಹೋಗಿ ಬಂದಾಗೆಲ್ಲ ತಾರೀಖು ಹತ್ತು ಹದಿನೈದು ವರ್ಷ ಹಿಂದಕ್ಕೆ. ತಾರೀಖು ತಪ್ಪಿದ್ದರೆ ಬ್ರೌಸರ್ ಎಲ್ಲ ತಾಣಗಳ ಸರ್ಟಿಫಿಕೇಟನ್ನೂ ತಿರಸ್ಕರಿಸುತ್ತದೆ, ಆಪ್ಟ್ ಕೂಡ ‘ನಾಟ್ ವ್ಯಾಲಿಡ್ ಯೆಟ್’ ಎನ್ನುತ್ತದೆ. ತಪ್ಪು ವೈಫೈ ಮೇಲೆ ಬೀಳುತ್ತದೆ. ಡೆಸ್ಕ್‌ಟಾಪಿನ ಗಡಿಯಾರದಿಂದ ಸಮಯ ಸರಿಪಡಿಸಿ ‘ಸುಡೋ ಎಚ್‌ಡಬ್ಲ್ಯುಕ್ಲಾಕ್ -ಡಬ್ಲ್ಯು’ ಕೊಡಿ, ಬಿಡುವಾದಾಗ ಬ್ಯಾಟರಿ ಬದಲಿಸಿ. ಹೆಚ್ಚಿನವು ಸಿಆರ್2032, 3 ವೋಲ್ಟಿನ ನಾಣ್ಯದಂಥದ್ದು. ಕೆಲವು ಲ್ಯಾಪ್‌ಟಾಪಿನಲ್ಲಿ ತಂತಿ ಬೆಸೆದ ಬ್ಯಾಟರಿ ಇರುವುದರಿಂದ ಬಿಚ್ಚಿ ನೋಡಿಯೇ ಅಂಗಡಿಗೆ ಹೋಗಿ.

ತಾರೀಖು ಸರಿಯಿದ್ದರೆ ‘ಪಿಂಗ್ 8.8.8.8’. ಉತ್ತರ ಬಂದು ಹೆಸರಿನ ತಾಣ ಮಾತ್ರ ತೆರೆಯದಿದ್ದರೆ ಡಿಎನ್‌ಎಸ್ (ತಾಣದ ಹೆಸರನ್ನು ಐಪಿ ವಿಳಾಸವಾಗಿಸುವ ಸೇವೆ) ತೊಂದರೆ. ಕಾರ್ಡಿಗೆ 169.254 ಎಂದು ಶುರುವಾಗುವ ವಿಳಾಸ ಬಂದಿದ್ದರೆ ರೌಟರ್ ವಿಳಾಸ ಕೊಟ್ಟಿಲ್ಲ. ಸಿಗ್ನಲ್ ತೀರ ಕಮ್ಮಿ, ಇಲ್ಲವೇ ರೌಟರನ್ನೊಮ್ಮೆ ಆಫ್ ಮಾಡಿ ಆನ್ ಮಾಡಬೇಕು.

ನಡೆದು ನಡೆದು ಸುಮ್ಮನಾಗುವ ಕಾರ್ಡಿಗೆ ಪವರ್ ಸೇವಿಂಗ್ ಕಾರಣ. ಪರೀಕ್ಷೆಗೆ ‘ಸುಡೋ ಐಡಬ್ಲ್ಯು ಡೆವ್ ಡಬ್ಲ್ಯುಲ್ಯಾನ್0 ಸೆಟ್ ಪವರ್_ಸೇವ್ ಆಫ್’ ಕೊಡಿ, ‘ಡಬ್ಲ್ಯುಲ್ಯಾನ್0’ ಜಾಗದಲ್ಲಿ ನಿಮ್ಮ ಕಾರ್ಡಿನ ಹೆಸರು. ಗುಣ ಕಂಡರೆ ನೆಟ್‌ವರ್ಕ್ ಮ್ಯಾನೇಜರಿನ ‘ಕಾನ್ಫ್.ಡಿ’ ಫೋಲ್ಡರಿನಲ್ಲಿ ‘[ಕನೆಕ್ಷನ್]’ ಕೆಳಗೆ ‘ವೈಫೈ.ಪವರ್‌ಸೇವ್ = 2’ ಬರೆದು ಖಾಯಂ ಮಾಡಿ. 2 ಎಂದರೆ ಆಫ್, 3 ಎಂದರೆ ಆನ್; ಗೊಂದಲದ ಲೆಕ್ಕ, ಆದರೆ ಹಾಗೇ ಇದೆ.

ಸಿಗ್ನಲ್ ಅಳೆಯಲು ‘ಐಡಬ್ಲ್ಯು ಡೆವ್ ಡಬ್ಲ್ಯುಲ್ಯಾನ್0 ಲಿಂಕ್’. -50 ಇದ್ದರೆ ಚೆನ್ನ, -67ರ ತನಕ ವಿಡಿಯೋ ನಡೆಯುತ್ತದೆ, -80 ದಾಟಿದರೆ ಡ್ರೈವರ್ ಬೈದು ಫಲವಿಲ್ಲ. ಹಳೇ ಮನೆಯ ದಪ್ಪ ಮಣ್ಣಿನ ಗೋಡೆ, ಜಂಬಿಟ್ಟಿಗೆ ಗೋಡೆ 5 ಗಿಗಾಹರ್ಟ್ಸನ್ನು ನುಂಗಿಬಿಡುತ್ತವೆ, ಅಂಥಲ್ಲಿ 2.4 ವಾಸಿ. ಮಳೆಗಾಲಕ್ಕೆ ಕಟ್ಟುವ ತಗಡಿನ ಮರೆಯಾಚೆ ಎರಡೂ ಹಾಯುವುದಿಲ್ಲ. ಜಗಲಿಯಲ್ಲಿದ್ದ ರೌಟರಿನಿಂದ ತೋಟದಾಚೆಯ ಕೆಲಸದ ಕೋಣೆಗೆ ಬೇಸಿಗೆಯಲ್ಲಿ ಬರುತ್ತಿದ್ದದ್ದು ಆಷಾಢದಲ್ಲಿ ಬರದಿದ್ದರೆ ಸೋಜಿಗವಿಲ್ಲ, ನೀರು ಹೊತ್ತ ಸೋಗೆಗಳು ಅಲೆಯನ್ನು ಹೀರುತ್ತವೆ. ಡಾಂಗಲ್ಲಿಗೆ ಒಂದೆರಡು ಮೀಟರ್ ಯುಎಸ್‌ಬಿ ವಿಸ್ತರಣೆ ಕೇಬಲ್ ಕೊಟ್ಟು ಕಿಟಕಿಗೆ ತಂದರೆ ಯಾವ ಕಮಾಂಡಿಗಿಂತಲೂ ಹೆಚ್ಚು ಲಾಭ. ಮರದಿಂದ ಮರಕ್ಕೆ ಲ್ಯಾನ್ ಕೇಬಲ್ ಎಳೆಯುವ ಯೋಚನೆ ಬೇಡ, ಏಪ್ರಿಲ್ ಮೇ ತಿಂಗಳ ಗುಡುಗು ಸಿಡಿಲಿಗೆ ಅದು ನೇರ ದಾರಿ.

ಕಾರ್ಡೇ ಬದಲಿಸುವುದಾದರೆ

ಬದಲಿಸುವ ಮುಂಚೆ ಇದ್ದದ್ದನ್ನೇ ಒಮ್ಮೆ ಬಿಚ್ಚಿ ಕೂರಿಸಿ ನೋಡಿ. ಮಲೆನಾಡಿನ ತೇವಕ್ಕೆ ಕಾರ್ಡಿನ ಚಿನ್ನದ ಬಣ್ಣದ ಕಾಲುಗಳ ಮೇಲೆ ಪೊರೆ ಕಟ್ಟುತ್ತದೆ, ಎಲ್ಎಸ್‌ಪಿಸಿಐಗೆ ಕಾರ್ಡು ಒಮ್ಮೆ ಕಂಡು ಒಮ್ಮೆ ಕಾಣದೆ ಹೋಗುತ್ತದೆ. ಚಾರ್ಜರ್, ಬ್ಯಾಟರಿ ಎರಡೂ ತೆಗೆದು, ಹಿಂಬದಿಯ ಮುಚ್ಚಳ ಬಿಚ್ಚಿ, ಕಾಲುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ, ಪೂರ್ತಿ ಆರಿದ ಮೇಲೆ ಹಾಕಿ. ಮರಳು ಕಾಗದ ಮುಟ್ಟಿಸಬೇಡಿ, ಲೇಪನ ಎದ್ದುಹೋಗುತ್ತದೆ.

ಹೊಸ ಕಾರ್ಡಿಗೆ ಶಿವಮೊಗ್ಗದ ದುರ್ಗಿಗುಡಿಯ ಅಂಗಡಿಗೆ ಹೋಗುವ ಮುನ್ನ ಎರಡು ವಿಷಯ ಖಾತ್ರಿ ಮಾಡಿಕೊಳ್ಳಿ. ಒಂದು, ಸ್ಲಾಟಿನ ಜಾತಿ. ಹಳೆಯವು ಮಿನಿ ಪಿಸಿಐ ಎಕ್ಸ್‌ಪ್ರೆಸ್, ಅದರಲ್ಲೂ ಪೂರ್ತಿ ಉದ್ದದ್ದು, ಅರ್ಧ ಉದ್ದದ್ದು ಎಂದು ಎರಡು, ಈಚಿನವು ಎಂ.2. ಇಂಟೆಲ್ ಎಎಕ್ಸ್200 ಬೇರೆ, ಎಎಕ್ಸ್201 ಬೇರೆ. ಎರಡನೆಯದು ಇಂಟೆಲ್ಲಿನ ಹೊಸ ಬೋರ್ಡುಗಳಲ್ಲಿ ಮಾತ್ರ ನಡೆಯುತ್ತದೆ. ಎರಡು, ಬಯೋಸಿನ ಒಪ್ಪಿಗೆ. ಹಳೆಯ ಥಿಂಕ್‌ಪ್ಯಾಡುಗಳು ತಮ್ಮ ಪಟ್ಟಿಯಲ್ಲಿಲ್ಲದ ಕಾರ್ಡು ಕಂಡರೆ 1802 ಎಂಬ ಎರರ್, ಕೆಲವು ಎಚ್‌ಪಿಗಳು 104 ಎಂಬ ಎರರ್ ತೋರಿಸಿ ಅಲ್ಲೇ ನಿಲ್ಲುತ್ತವೆ. ಅಂಥ ಯಂತ್ರಕ್ಕೆ ಅದೇ ಮಾದರಿಯ ಲ್ಯಾಪ್‌ಟಾಪಿನಿಂದ ತೆಗೆದ ಕಾರ್ಡು ಹುಡುಕಬೇಕು, ಇಲ್ಲವೇ ಒಳಗಿನ ಸ್ಲಾಟ್ ಖಾಲಿ ಬಿಟ್ಟು ಆರ್‌ಟಿ5370 ಅಥವಾ ಎಂಟಿ7601ಯು ಡಾಂಗಲ್ ಚುಚ್ಚಬೇಕು. ಅಂಗಡಿಯವರು ಡಬ್ಬಿ ತೋರಿಸಿ ‘ಲಿನಕ್ಸಿಗೂ ಆಗುತ್ತೆ ಸಾರ್’ ಅಂದರೆ ಚಿಪ್ ಯಾವುದು ಎಂದು ಕೇಳಿ. ಗೊತ್ತಿಲ್ಲವೆಂದರೆ ಅಲ್ಲಿಯೇ ಲೈವ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಎಲ್ಎಸ್‌ಯುಎಸ್‌ಬಿ ಹೊಡೆದು ನೋಡಿ ದುಡ್ಡು ಕೊಡಿ.

ಕಾರ್ಡಿನ ತಲೆಯ ಮೇಲಿನ ಎರಡು ಪುಟ್ಟ ಗುಂಡಿಗಳಿಗೆ ಆಂಟೆನಾ ತಂತಿ ಸಿಕ್ಕಿಸುವಾಗ ಹೆಚ್ಚಾಗಿ ಬಿಳಿ ತಂತಿ ಮೇನ್ ಅಥವಾ 1 ಎಂದಿರುವಲ್ಲಿಗೆ, ಕಪ್ಪು ತಂತಿ ಆಕ್ಸ್ ಅಥವಾ 2 ಎಂದಿರುವಲ್ಲಿಗೆ. ನೇರ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿದರೆ ಟಕ್ ಎನ್ನುತ್ತದೆ. ಓರೆಯಾಗಿ ಒತ್ತಿದರೆ ಗುಂಡಿ ಚಪ್ಪಟೆಯಾಗಿ ಕಾರ್ಡು ಕಸಕ್ಕೆ.